ಎದೆಯ ಮೇಲಣ ಅಕ್ಷರ: ಅಲ್ಪ ಬಂಡವಾಳದ ಟೀ ಶರ್ಟು ವ್ಯಾಪಾರ

ಮನಸ್ಸಿಗೆ ಹೊಳೆದ ಒಂದು ಚಿತ್ರವನ್ನೋ ಒಂದು ನುಡಿಯನ್ನೋ ಬಟ್ಟೆಯ ಮೇಲೆ ಅಚ್ಚೊತ್ತಿಸಿ, ಅದನ್ನು ತನ್ನದೇ ಹೆಸರಿನಲ್ಲಿ ಮಾರಬೇಕೆಂದು ಬಯಸಿದ ತರುಣನಿಗಾಗಲಿ ತರುಣಿಗಾಗಲಿ ಇಪ್ಪತ್ತು ವರ್ಷಗಳ ಹಿಂದೆ ಎದುರಾಗುತ್ತಿದ್ದ ಮೊದಲನೆಯ ವಿಘ್ನ ಬಂಡವಾಳದ್ದು. ಆಗ ಟೀ ಶರ್ಟುಗಳಿಗೆ ಅಚ್ಚು ಹಾಕುತ್ತಿದ್ದುದು ಬಹುಮಟ್ಟಿಗೆ ಸ್ಕ್ರೀನ್ ಪ್ರಿಂಟಿಂಗ್ ಕ್ರಮದಿಂದ. ಆ ಕ್ರಮದಲ್ಲಿ ಚಿತ್ರದ ಒಂದೊಂದು ಬಣ್ಣಕ್ಕೂ ಒಂದೊಂದು ಚೌಕಟ್ಟು ಬೇಕು. ಚೌಕಟ್ಟಿಗೆ ಬಿಗಿದ ಜಾಲರಿಯ ಮೇಲೆ ಬೆಳಕಿಗೆ ಗಟ್ಟಿಯಾಗುವ ದ್ರಾವಣವನ್ನು ಸವರಿ, ಒಣಗಿಸಿ, ಚಿತ್ರದ ಮೂಲಕ ಬೆಳಕನ್ನು ಹಾಯಿಸಿ, ತೊಳೆದು ಸಿದ್ಧಪಡಿಸಬೇಕು. ಈ ಶ್ರಮವೆಲ್ಲವೂ ಒಂದು ಅಂಗಿಗೆ ಎಷ್ಟೋ ನೂರು ಅಂಗಿಗೂ ಅಷ್ಟೇ ಆದುದರಿಂದ, ಒಂದೇ ಒಂದು ಅಂಗಿಗೆ ಅಚ್ಚು ಹಾಕಿಕೊಡಲು ಮುದ್ರಕರು ಒಪ್ಪುವುದು ಅಪೂರ್ವವಾಗಿದ್ದಿತು. ಅಳತೆಗಳು ಐದು, ಅಂಗಿಯ ಬಣ್ಣಗಳು ಮೂರು, ಚಿತ್ರಗಳು ನಾಲ್ಕು ಎಂದಿಟ್ಟುಕೊಂಡರೆ ಬಗೆಗಳು 60 ಆದುವು. ಬಗೆಗೆ ಐದೈದರಂತೆ ತರಿಸಿದರೂ 300 ಅಂಗಿಗಳು. ಒಂದಕ್ಕೆ 200 ರೂಪಾಯಿ ತಗುಲಿದರೆ, ಮೊದಲನೆಯ ಗಿರಾಕಿಯ ಮುಖ ಕಾಣುವ ಮುನ್ನವೇ 60,000 ರೂಪಾಯಿ ಮನೆಯ ಮೂಲೆಯಲ್ಲಿ ಮೂಟೆಯಾಗಿ ಕುಳಿತಿರುತ್ತಿದ್ದಿತು. ನಡುವಣ ಅಳತೆಯವು ಖರ್ಚಾಗಿ, ತೀರ ಸಣ್ಣವೂ ತೀರ ದೊಡ್ಡವೂ ಉಳಿದು, ಕೊನೆಗೆ ನೆಂಟರಿಷ್ಟರ ಪಾಲಾಗುವುದೇ ಇಂತಹ ಎಷ್ಟೋ ಸಾಹಸಗಳ ಪರಿಣಾಮವಾಗಿದ್ದಿತು.

ಈ ಕಷ್ಟವನ್ನು ನೀಗಿದುದು ಪ್ರಿಂಟ್ ಆನ್ ಡಿಮ್ಯಾಂಡ್ ಎಂದು ವ್ಯಾಪಾರಸ್ಥರು ಕರೆಯುವ, ಕೋರಿಕೆ ಬಂದ ಮೇಲೆಯೇ ಅಚ್ಚು ಹಾಕುವ ಏರ್ಪಾಡು. ಅಮೆರಿಕದಲ್ಲಿ 1999ರಲ್ಲಿ ಆರಂಭವಾದ ಕೆಫೆಪ್ರೆಸ್, ಲಾಟ್ವಿಯಾ ದೇಶದಲ್ಲಿ ಬೇರೂರಿ 2013ರಿಂದ ಬೆಳೆದ ಪ್ರಿಂಟ್‌ಫುಲ್ ಮೊದಲಾದ ಸಂಸ್ಥೆಗಳು ರೂಢಿಗೆ ತಂದ ಈ ಕ್ರಮವನ್ನು ನಮ್ಮ ದೇಶದಲ್ಲಿಯೂ ತಿರುಪ್ಪೂರಿನ ಕ್ವಿಕಿಂಕ್, ಚೆನ್ನೈಯ ಪ್ರಿಂಟ್‌ರೋವ್ ಮುಂತಾದವು ಈಗ ಒದಗಿಸುತ್ತಿವೆ. ಮಾರುವವನು ತನ್ನ ಚಿತ್ರವನ್ನು ಅಂತರ್ಜಾಲದಲ್ಲಿ ಪ್ರದರ್ಶಿಸುತ್ತಾನೆ. ಗಿರಾಕಿ ಹಣ ತೆತ್ತು ಕೋರಿಕೆ ಸಲ್ಲಿಸುತ್ತಾನೆ. ಆ ಕೋರಿಕೆ ಮುದ್ರಣಶಾಲೆಗೆ ತಲಪಿದ ಬಳಿಕ ಅಲ್ಲಿಯ ದಾಸ್ತಾನಿನಿಂದ ಬರಿಯ ಅಂಗಿಯೊಂದನ್ನು ತೆಗೆದು, ಅಚ್ಚು ಹಾಕಿ, ಮಾರುವವನ ಹೆಸರಿನ ಚೀಟಿಯನ್ನು ಅಂಟಿಸಿ, ನೇರವಾಗಿ ಗಿರಾಕಿಯ ವಿಳಾಸಕ್ಕೆ ರವಾನಿಸುತ್ತಾರೆ. ಹೀಗೆ ನೂಲು, ಹೊಲಿಗೆ, ಮಸಿ, ಯಂತ್ರ, ಉಗ್ರಾಣ, ಅಂಚೆ ಇವೆಲ್ಲವೂ ಬಾಡಿಗೆಗೆ ದೊರೆಯುವ ಕಾಲ ಬಂದಿರುವುದರಿಂದ, ಬಾಡಿಗೆಗೆ ದೊರೆಯದ ಎರಡು ಸಂಗತಿಗಳ ಬೆಲೆ ಹೆಚ್ಚಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ: ಒಂದು, ಅಂಗಿಯ ಮೇಲೆ ಏನನ್ನು ಬರೆಯಬೇಕೆಂಬ ಅಭಿರುಚಿ, ಇನ್ನೊಂದು, ಕೊಂಡವನಲ್ಲಿ ಹುಟ್ಟುವ ವಿಶ್ವಾಸ. ಯಾರು ಬೇಕಾದರೂ ತೊಡಗಬಹುದಾದ ವ್ಯಾಪಾರದಲ್ಲಿ ಎಲ್ಲರೂ ತೊಡಗುತ್ತಾರೆ. ಒಂದೇ ಮುದ್ರಣಶಾಲೆಯ ಒಂದೇ ಬಗೆಯ ಅಂಗಿಯನ್ನು ನೂರಾರು ಮಂದಿ ನೂರಾರು ಹೆಸರುಗಳಲ್ಲಿ ಮಾರುತ್ತಿರುವಾಗ, ಅಭಿರುಚಿ, ವಿಶ್ವಾಸ ಇವೆರಡನ್ನು ಬಿಟ್ಟರೆ ಒಬ್ಬನನ್ನು ಇನ್ನೊಬ್ಬನಿಂದ ಬೇರ್ಪಡಿಸುವ ಗುಣ ಬೇರಾವುದೂ ಉಳಿಯಲಾರದು.

ಅಚ್ಚಿನ ವಿಧಾನಗಳನ್ನು ತಕ್ಕಮಟ್ಟಿಗೆ ಅರಿಯದೆ ತೊಡಗುವುದು ಉಚಿತವಲ್ಲ. ಬಿಡಿ ಅಂಗಿಗಳಿಗೆ ಇಂದು ಬಳಕೆಯಲ್ಲಿರುವ ಮುಖ್ಯ ಕ್ರಮಗಳು ಎರಡು. ಡಿ.ಟಿ.ಜಿ. ಎಂಬುದರಲ್ಲಿ ಯಂತ್ರವು ನೀರಿನಾಧಾರದ ಮಸಿಯನ್ನು ನೇರವಾಗಿ ಬಟ್ಟೆಯ ಮೇಲೆ ಸಿಂಪಡಿಸುತ್ತದೆ. ಮಸಿ ಹತ್ತಿಯ ಎಳೆಯೊಳಗೆ ಇಳಿಯುವುದರಿಂದ ಅಚ್ಚು ಮೃದುವಾಗಿ, ಬಟ್ಟೆಯೊಡನೆ ಒಂದಾಗಿ ಇರುತ್ತದೆ. ಆದರೆ ಕಪ್ಪು ಮೊದಲಾದ ಗಾಢವರ್ಣದ ಅಂಗಿಗೆ ಮೊದಲು ಒಂದು ದ್ರಾವಣವನ್ನು ಲೇಪಿಸಿ, ಬಿಳಿಯ ಮಸಿಯ ತಳಹದಿಯನ್ನು ಹಾಕಿ, ಅನಂತರ ಬಣ್ಣಗಳನ್ನು ಕೂಡಿಸಬೇಕಾಗುವುದು. ಡಿ.ಟಿ.ಎಫ್. ಎಂಬುದರಲ್ಲಿ ಚಿತ್ರವನ್ನು ತೆಳುವಾದ ಪ್ಲಾಸ್ಟಿಕ್ ಹಾಳೆಯ ಮೇಲೆ ಮುದ್ರಿಸಿ, ಹಸಿ ಮಸಿಗೆ ಅಂಟಿನ ಪುಡಿಯನ್ನು ಉದುರಿಸಿ ಕಾಯಿಸಿ, ಹೀಟ್ ಪ್ರೆಸ್ಸಿನಲ್ಲಿ ಅಂಗಿಯ ಮೇಲಿಟ್ಟು ಸುಮಾರು 150 ಡಿಗ್ರಿ ಶಾಖದಲ್ಲಿ ಒತ್ತಿ, ಹಾಳೆಯನ್ನು ಸುಲಿಯುತ್ತಾರೆ. ಹತ್ತಿಯಾಗಲಿ ಪಾಲಿಯೆಸ್ಟರ್ ಆಗಲಿ ಯಾವ ಬಟ್ಟೆಗೂ ಇದು ಹತ್ತುತ್ತದೆ, ಬಣ್ಣವೂ ಉಜ್ವಲ. ಆದರೆ ಎದೆಯಗಲದ ತುಂಬುಬಣ್ಣದ ಚೌಕವನ್ನು ಈ ಕ್ರಮದಲ್ಲಿ ಒತ್ತಿಸಿದರೆ ಗಾಳಿಯಾಡದ ಒಂದು ಪೊರೆ ಎದೆಗೆ ಅಂಟಿಕೊಂಡಂತಾಗುವುದು, ಮಂಗಳೂರಿನ ಏಪ್ರಿಲ್ ತಿಂಗಳ ಸೆಕೆಯಲ್ಲಿ ಅದನ್ನು ತೊಟ್ಟವನು ಎರಡನೆಯ ಸಲ ತೊಡನು. ಆದುದರಿಂದ ಈ ಕ್ರಮಕ್ಕೆ ಚಿತ್ರ ಬರೆಯುವವರು ಬಟ್ಟೆಯೇ ಚಿತ್ರದ ಹಿನ್ನೆಲೆಯಾಗುವಂತೆ, ನಡುನಡುವೆ ತೆರಪು ಬಿಟ್ಟು ರಚಿಸುವುದು ಲೇಸು. ಸಬ್ಲಿಮೇಶನ್ ಎಂಬ ಮೂರನೆಯ ಕ್ರಮವೊಂದುಂಟು. ಅದು ತಿಳಿಬಣ್ಣದ ಪಾಲಿಯೆಸ್ಟರಿಗೆ, ಎಂದರೆ ಆಟಗಾರರ ಜೆರ್ಸಿಗಳಿಗೆ ತಕ್ಕುದು.

ಬಟ್ಟೆಯ ವಿಷಯಕ್ಕೆ ಬಂದರೆ, ಜಿ.ಎಸ್.ಎಂ. ಎಂಬ ಮೂರಕ್ಷರಗಳು ಎಲ್ಲೆಲ್ಲಿಯೂ ಕೇಳಿಬರುವುವು. ಒಂದು ಚದರ ಮೀಟರ್ ಬಟ್ಟೆಯ ತೂಕ ಎಷ್ಟು ಗ್ರಾಮ್ ಎಂಬುದೇ ಅದರ ಅರ್ಥ. ನಿತ್ಯದ ಬಳಕೆಗೆ 180, ಈಗಿನ ತರುಣರು ಮೆಚ್ಚುವ ಸಡಿಲವಾದ ಓವರ್‌ಸೈಜ್ಡ್ ಅಂಗಿಗೆ 220 ಅಥವಾ 240 ಜಿ.ಎಸ್.ಎಂ. ಸಾಮಾನ್ಯ. ಮೇಲ್ಮೈಯ ಜುಂಗನ್ನು ಕಿಣ್ವಗಳಿಂದ ಕಳೆದು ನುಣುಪು ತರುವ ಸಂಸ್ಕಾರಕ್ಕೆ ಬಯೋವಾಶ್ ಎನ್ನುತ್ತಾರೆ. ಈ ಸಂಸ್ಕಾರವಾದ ಬಟ್ಟೆಯ ಮೇಲೆ ಅಚ್ಚು ನಯವಾಗಿ ಕೂರುತ್ತದೆ. ಇಂತಹ ಹೆಣೆದ ಬಟ್ಟೆಯ ರಾಜಧಾನಿ ನೆರೆನಾಡಿನ ತಿರುಪ್ಪೂರು. ಅಲ್ಲಿಯ ಬಣ್ಣದ ಕಾರ್ಖಾನೆಗಳು ನೊಯ್ಯಲ್ ನದಿಯನ್ನು ಎಷ್ಟರಮಟ್ಟಿಗೆ ಕೆಡಿಸಿದ್ದುವೆಂದರೆ, 2011ರಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯವು ಅವುಗಳನ್ನು ಮುಚ್ಚುವಂತೆ ಆಜ್ಞೆ ಮಾಡಬೇಕಾಯಿತು. ತ್ಯಾಜ್ಯಜಲವನ್ನು ಹೊರಬಿಡದೆ ಶುದ್ಧೀಕರಿಸಿ ಮತ್ತೆ ಬಳಸುವ ವ್ಯವಸ್ಥೆ ಅಲ್ಲಿ ನೆಲೆಗೊಂಡುದು ಆ ಆಜ್ಞೆಯ ಒತ್ತಾಯದಿಂದ. ನೂರು ರೂಪಾಯಿಯ ಅಂಗಿಯನ್ನು ಹುಡುಕುವವರು ಈ ಚರಿತ್ರೆಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಬಟ್ಟೆಯ ಬೆಲೆ ಅತಿಯಾಗಿ ಇಳಿದಿದ್ದರೆ, ಇಳಿದ ಆ ಹಣವನ್ನು ಯಾವುದೋ ನದಿಯೋ ಯಾರದೋ ಕೂಲಿಯೋ ತೆತ್ತಿರುವುದು ಸಂಭವನೀಯ.

ಇನ್ನು ಅಕ್ಷರ. ಕನ್ನಡವನ್ನು ಎದೆಯ ಮೇಲೆ ಧರಿಸುವ ಹಂಬಲ ಈಚಿನ ವರ್ಷಗಳಲ್ಲಿ ಬೆಂಗಳೂರು ಮೊದಲಾದ ಊರುಗಳಲ್ಲಿ ಎದ್ದುಕಾಣುತ್ತಿರುವುದರಿಂದ, ಸಣ್ಣದಾಗಿ ಆರಂಭಿಸುವವರಿಗೆ ಕನ್ನಡದ ಅಂಗಿಗಿಂತ ಸಹಜವಾದ ಕ್ಷೇತ್ರ ನಮ್ಮಲ್ಲಿ ಇನ್ನೊಂದಿಲ್ಲ. ಆದರೆ ಕನ್ನಡ ಲಿಪಿಯನ್ನು ಮುದ್ರಣಶಾಲೆಗೆ ಕ್ಷೇಮವಾಗಿ ಮುಟ್ಟಿಸುವುದು ಅಭ್ಯಾಸ ಬೇಡುವ ಕೆಲಸ. ಭಾರತೀಯ ಲಿಪಿಗಳ ಜೋಡಣೆಯನ್ನು ಸರಿಯಾಗಿ ಅಳವಡಿಸಿಕೊಳ್ಳದ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದಾಗ ಒತ್ತಕ್ಷರಗಳು ಕಳಚಿಕೊಂಡು ಪಕ್ಕಕ್ಕೆ ನಿಲ್ಲುತ್ತವೆ, ಅರ್ಕಾವತ್ತು ಸ್ಥಾನ ತಪ್ಪುತ್ತದೆ, ಕೊಂಬುದೀರ್ಘಗಳು ಅಕ್ಷರದಿಂದ ದೂರ ಸರಿಯುತ್ತವೆ. ನುಡಿ, ಬರಹ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಕ್ರಮದ ಅಕ್ಷರಶೈಲಿಗಳಲ್ಲಿ ಬರೆದುದನ್ನು ಆ ಶೈಲಿ ಇಲ್ಲದ ಇನ್ನೊಂದು ಗಣಕದಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಅರ್ಥಹೀನ ಸಾಲು ಗೋಚರಿಸುವುದು. ತಿರುಪ್ಪೂರಿನ ಯಂತ್ರದ ಮುಂದೆ ನಿಂತ ಕಾರ್ಮಿಕನಿಗೆ ಕನ್ನಡ ಬಾರದು. ಆತ ತನಗೆ ಬಂದ ಕಡತವನ್ನು ಇದ್ದಂತೆಯೇ ಮುದ್ರಿಸುತ್ತಾನೆ. ತಪ್ಪು ಅಕ್ಷರದ ಅಂಗಿ ಗಿರಾಕಿಯ ಕೈ ಸೇರಿದ ಮೇಲೆಯೇ ದೋಷ ಬೆಳಕಿಗೆ ಬರುವುದು. ಇದರಿಂದ ಪಾರಾಗುವ ಮಾರ್ಗ ಸರಳ: ಯೂನಿಕೋಡ್ ಅಕ್ಷರಗಳಲ್ಲಿಯೇ ಬರೆಯುವುದು, ಬರೆದು ಮುಗಿದ ಮೇಲೆ, ಅಚ್ಚಿನ ಅಂಗಡಿಯವರು ‘ಕರ್ವ್ ಮಾಡಿ ಕಳಿಸಿ’ ಎನ್ನುವಂತೆ, ಅಕ್ಷರಗಳನ್ನು ರೇಖಾರೂಪಕ್ಕೆ ಪರಿವರ್ತಿಸುವುದು, ಕಳುಹಿಸುವ ಮುನ್ನ ಕನ್ನಡ ಬಲ್ಲ ಇನ್ನೊಬ್ಬರ ಕಣ್ಣಿಗೆ ತೋರಿಸುವುದು.

ಅಕ್ಷರಗಳ ಸೌಂದರ್ಯ ಬೇರೆಯೇ ಒಂದು ವಿಚಾರ. ಕನ್ನಡದ ಅಕ್ಷರ ದುಂಡಾದುದು. ಮೇಲೆ ತಲಕಟ್ಟು ಗುಡಿಸುಗಳೂ ಕೆಳಗೆ ಒತ್ತುಗಳೂ ಅದಕ್ಕುಂಟು. ಆದುದರಿಂದ ರೋಮನ್ ಲಿಪಿಗೆ ಸಾಕಾಗುವ ಸಾಲಿನ ಅಂತರ ಕನ್ನಡಕ್ಕೆ ಸಾಲದು, ಎರಡು ಸಾಲುಗಳು ಒಂದರ ಮೇಲೊಂದು ಏರಿ ಗೊಂದಲವಾಗುವುದು. ಕೂದಲೆಳೆಯಷ್ಟು ತೆಳುವಾದ ಗೆರೆಗಳು ಡಿ.ಟಿ.ಎಫ್. ಅಚ್ಚಿನಲ್ಲಿ ಕೆಲವೇ ಒಗೆತಗಳಿಗೆ ಎದ್ದುಬರುತ್ತವೆ. ಅಕ್ಷರದೊಳಗಿನ ಸಣ್ಣ ಕಂಡಿಗಳು ಮಸಿಯಿಂದ ಮುಚ್ಚಿಹೋಗುತ್ತವೆ. ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ, ಅಕಾಯಾ ಕನ್ನಡಕ ಮುಂತಾದ ಮುಕ್ತ ಪರವಾನಗಿಯ ಅಕ್ಷರಶೈಲಿಗಳನ್ನು ವ್ಯಾಪಾರಕ್ಕೂ ನಿರಾತಂಕವಾಗಿ ಬಳಸಬಹುದು. ಇಂಕ್‌ಸ್ಕೇಪ್, ಕ್ರಿಟಾ, ಗಿಂಪ್ ಎಂಬ ತಂತ್ರಾಂಶಗಳೂ ಉಚಿತವೇ. ಆದರೂ, ನನ್ನ ಮಾತು ನಡೆಯುವುದಾದರೆ, ಅಂಗಡಿಯ ಹೆಸರನ್ನೂ ಮುಖ್ಯವಾದ ಒಂದೆರಡು ನುಡಿಗಳನ್ನೂ ಕೈಯಿಂದ ಬರೆಯಬಲ್ಲ ಕಲಾವಿದರಿಂದ ಬರೆಯಿಸಿ, ಅವರಿಗೆ ತಕ್ಕ ಸಂಭಾವನೆ ಸಲ್ಲಿಸಬೇಕು. ಅಂಗಡಿಗಳ ಫಲಕ, ಲಾರಿಗಳ ಹಿಂಬದಿ, ನಾಟಕದ ಭಿತ್ತಿಪತ್ರ ಇವುಗಳನ್ನು ಬರೆಯುತ್ತಿದ್ದ ಕೈಗಳು ಫ್ಲೆಕ್ಸ್ ಬಂದ ಬಳಿಕ ಕೆಲಸವಿಲ್ಲದೆ ಕುಳಿತಿವೆ. ಆ ಕೈಗಳ ತಿರುವನ್ನು ಯಾವ ಸಿದ್ಧ ಅಕ್ಷರಶೈಲಿಯೂ ಕೊಡಲಾರದು.

ಬರೆಯುವ ವಸ್ತುವಿನ ಆಯ್ಕೆಯಲ್ಲಿ ಹೊಸಬರು ಹೆಚ್ಚಾಗಿ ಎಡವುವರು. ಜನಪ್ರಿಯ ಚಲನಚಿತ್ರದ ಸಂಭಾಷಣೆ, ನಟನ ಮುಖ, ಕವಿಯ ಸಾಲು ಇವು ಕೈಗೆಟುಕುವಂತೆ ತೋರುತ್ತವೆ; ಆದರೆ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಲೇಖಕನ ಹಕ್ಕು ಆತನ ಮರಣಾನಂತರ 60 ವರ್ಷ ಉಳಿಯುವುದು. 1981ರಲ್ಲಿ ತೀರಿಕೊಂಡ ಬೇಂದ್ರೆಯವರ ಹಕ್ಕು 2041ರ ಕೊನೆಯವರೆಗೂ, 1994ರಲ್ಲಿ ತೀರಿಕೊಂಡ ಕುವೆಂಪು ಅವರದು 2054ರ ಕೊನೆಯವರೆಗೂ ಊರ್ಜಿತವಾಗಿರುವುದರಿಂದ, ಅನುಮತಿಯಿಲ್ಲದೆ ಅವರ ಸಾಲುಗಳನ್ನು ಅಂಗಿಗೇರಿಸಿ ಮಾರುವಂತಿಲ್ಲ. ಹನ್ನೆರಡನೆಯ ಶತಮಾನದ ವಚನಗಳಿಗಾದರೋ ಈ ಬಂಧನವಿಲ್ಲ. ಗಂಡಭೇರುಂಡವು ಬಳ್ಳಿಗಾವೆಯ ಸ್ತಂಭದ ಮೇಲೆ ನಿಂತ ಪುರಾತನ ಶಿಲ್ಪವಾದ ಕಾರಣ ಅದನ್ನು ತನ್ನ ಕಲ್ಪನೆಯಂತೆ ಚಿತ್ರಿಸಿಕೊಳ್ಳಬಹುದು. ಆದರೆ ಅದನ್ನೊಳಗೊಂಡ ರಾಜ್ಯದ ಅಧಿಕೃತ ಲಾಂಛನವನ್ನು ವ್ಯಾಪಾರಕ್ಕೆ ಬಳಸುವುದನ್ನು 1950ರ ಲಾಂಛನಗಳ ಕಾಯಿದೆ ನಿಷೇಧಿಸುತ್ತದೆ. ಮಲೆನಾಡಿನ ದೀವರ ಹೆಣ್ಣುಮಕ್ಕಳು ಗೋಡೆಯ ಮೇಲೆ ಬಿಡಿಸುವ ಹಸೆ ಚಿತ್ತಾರ, ಧಾರವಾಡದ ಕಡೆಯ ಕಸೂತಿಯ ತೇರು, ಗೋಪುರ, ತುಳಸಿ ವೃಂದಾವನಗಳು, ಮೈಸೂರಿನ ಗಂಜೀಫಾ ಎಲೆಗಳ ವೃತ್ತಗಳು, ನಮ್ಮ ರಾಜ್ಯಪಕ್ಷಿಯಾದ ನೀಲಕಂಠದ ರೆಕ್ಕೆಯ ನೀಲಿ, ಇವೆಲ್ಲ ಇನ್ನೂ ಅಂಗಿಗೆ ಅಷ್ಟಾಗಿ ಬಂದಿಲ್ಲ. ಇವುಗಳಿಂದ ಸ್ಫೂರ್ತಿ ಪಡೆಯುವವರು ಇವನ್ನು ಜೀವಂತವಾಗಿ ಉಳಿಸಿರುವವರನ್ನು ಕಂಡು, ಕೇಳಿ, ಗಳಿಕೆಯಲ್ಲಿ ಅವರಿಗೊಂದು ಪಾಲು ಸಲ್ಲಿಸುವುದು ನ್ಯಾಯವಾದುದು. ಕಸೂತಿಗೆ ಭೌಗೋಳಿಕ ಸೂಚಕದ ರಕ್ಷಣೆ ಇರುವುದರಿಂದ, ಅಚ್ಚು ಹಾಕಿದ ಅಂಗಿಯನ್ನು ‘ಕಸೂತಿ’ ಎಂದು ಹೆಸರಿಸಿ ಮಾರುವುದಂತೂ ಸಲ್ಲದು.

ಈಗ ಲೆಕ್ಕಕ್ಕೆ ಬರೋಣ. ಏಕೆಂದರೆ ಈ ವ್ಯಾಪಾರದಲ್ಲಿ ನಿರಾಶರಾಗುವವರು ಬಹುತೇಕ ಲೆಕ್ಕದಲ್ಲಿಯೇ ನಿರಾಶರಾಗುತ್ತಾರೆ. ಒಂದು ಅಂಗಿಗೆ 599 ರೂಪಾಯಿ ಬೆಲೆಯಿಟ್ಟಿರೆಂದು ಭಾವಿಸೋಣ. ಅದರೊಳಗೆ ಶೇಕಡ 5ರ ಜಿ.ಎಸ್.ಟಿ. ಸೇರಿದೆ, ಅದನ್ನು ಕಳೆದರೆ ಉಳಿಯುವುದು ಸುಮಾರು 570. ಅಂಗಿಗೂ ಅಚ್ಚಿಗೂ 290, ರವಾನೆಗೆ 70, ಹಣ ಪಾವತಿಯ ಮಧ್ಯವರ್ತಿ ಸಂಸ್ಥೆಗೆ 14 ಎಂದಿಟ್ಟುಕೊಂಡರೆ ಕೈಯಲ್ಲಿ ನಿಲ್ಲುವುದು 196 ರೂಪಾಯಿ. ಒಂದು ಕೋರಿಕೆಯನ್ನು ತರಲು ಜಾಹೀರಾತಿಗೆ 60 ರೂಪಾಯಿ ತಗುಲಿದರೆ, ಹತ್ತು ಅಂಗಿ ಮಾರಿದಾಗ ಉಳಿತಾಯ 1,360 ರೂಪಾಯಿ. ಇದು ಹಣ ಮೊದಲೇ ಬಂದಾಗಿನ ಮಾತು. ಅಂಗಿ ಮನೆಗೆ ಬಂದ ಮೇಲೆ ಹಣ ಕೊಡುವ ಸಿ.ಓ.ಡಿ. ಕ್ರಮವನ್ನು ನಮ್ಮ ಜನ ಇಂದಿಗೂ ಬಹಳ ಮೆಚ್ಚುತ್ತಾರೆ. ಆದರೆ ಹತ್ತರಲ್ಲಿ ಎರಡು ಪೊಟ್ಟಣಗಳು ‘ಮನೆಯಲ್ಲಿ ಇರಲಿಲ್ಲ’, ‘ಬೇಡವೆಂದರು’ ಎಂಬ ಷರಾದೊಡನೆ ಹಿಂದಿರುಗಿದುವೆಂದರೆ, ಒಂದೊಂದಕ್ಕೂ ಅಂಗಿಯ 290, ಹೋದ ಬಾಡಿಗೆ 70, ಮರಳಿದ ಬಾಡಿಗೆ 60, ಒಟ್ಟು 420ರಂತೆ 840 ರೂಪಾಯಿ ನಷ್ಟ. ಉಳಿದ ಎಂಟರಿಂದ ಬಂದ 1,568ರಲ್ಲಿ ಇದನ್ನೂ ಜಾಹೀರಾತಿನ 600ನ್ನೂ ಕಳೆದರೆ ಮಿಗುವುದು 128 ರೂಪಾಯಿ ಮಾತ್ರ. ಎರಡೇ ಪೊಟ್ಟಣಗಳ ಮರಳಿಕೆ ಹತ್ತು ಅಂಗಿಗಳ ಲಾಭವನ್ನು ಹೆಚ್ಚುಕಡಿಮೆ ನುಂಗಿಬಿಟ್ಟಿತು. ಇವು ಸ್ಥೂಲವಾದ, ಊಹೆಯ ಅಂಕಿಗಳೇ ಸರಿ. ಆದರೆ ಪ್ರತಿಯೊಬ್ಬರೂ ತಮ್ಮ ಮುದ್ರಣಶಾಲೆಯ ದರಪಟ್ಟಿಯನ್ನಿಟ್ಟುಕೊಂಡು ಇದೇ ಲೆಕ್ಕವನ್ನು ಮೊದಲ ದಿನವೇ ಮಾಡಿ ನೋಡುವುದು ಆವಶ್ಯಕ. ಆರಂಭದಲ್ಲಿ ಯು.ಪಿ.ಐ. ಮೂಲಕ ಮುಂಗಡ ಪಾವತಿಯನ್ನಷ್ಟೇ ಸ್ವೀಕರಿಸಿ, ಅದಕ್ಕೆ ಪ್ರತಿಯಾಗಿ ಗಿರಾಕಿಗೆ 40–50 ರೂಪಾಯಿ ರಿಯಾಯಿತಿ ಕೊಡುವುದು ವಿವೇಕವೆಂದು ನನಗೆ ತೋರುತ್ತದೆ. ಬರುವ ಕೋರಿಕೆಗಳು ಕಡಿಮೆಯಾದರೂ ಬಂದವು ನಿಲ್ಲುತ್ತವೆ.

ಕಾನೂನಿನ ಮಾತನ್ನು ಸಂಕ್ಷೇಪವಾಗಿ ಹೇಳಿ ಮುಂದುವರಿಯುತ್ತೇನೆ. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಉಡುಪಿಗೆ ಜಿ.ಎಸ್.ಟಿ. ಶೇಕಡ 5. ಸರಕು ಮಾರುವವರಿಗೆ ಕರ್ನಾಟಕದಲ್ಲಿ ವಾರ್ಷಿಕ ವಹಿವಾಟು 40 ಲಕ್ಷ ಮೀರುವವರೆಗೆ ನೋಂದಣಿ ಬೇಕಿಲ್ಲವೆಂಬುದು ಸಾಮಾನ್ಯ ನಿಯಮವಾದರೂ, ಹೊರರಾಜ್ಯದ ಗಿರಾಕಿಗೆ ಮಾರುವವರು ಮೊದಲ ಅಂಗಿಯಿಂದಲೇ ನೋಂದಾಯಿಸಿಕೊಳ್ಳಬೇಕು. ಸಣ್ಣ ಉದ್ಯಮಗಳ ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ. ಅದಕ್ಕೆ ಹಣ ಕೇಳುವ ಮಧ್ಯವರ್ತಿಗಳನ್ನು ದೂರವಿಡುವುದು ಕ್ಷೇಮ. ಇಟ್ಟ ಹೆಸರು ನಿಲ್ಲುವಂತೆ ಕಂಡರೆ, ಉಡುಪುಗಳಿಗೆ ಮೀಸಲಾದ 25ನೆಯ ವರ್ಗದಲ್ಲಿ ವ್ಯಾಪಾರಮುದ್ರೆಗೆ ಅರ್ಜಿ ಹಾಕಬಹುದು. ವ್ಯಕ್ತಿಗಳಿಗೂ ಸಣ್ಣ ಉದ್ಯಮಗಳಿಗೂ ಅಂತರ್ಜಾಲದ ಮೂಲಕ ಸಲ್ಲಿಸುವ ಶುಲ್ಕ 4,500 ರೂಪಾಯಿ. ಅಂತರ್ಜಾಲದ ವ್ಯಾಪಾರಕ್ಕೆ ಸಂಬಂಧಿಸಿದ 2020ರ ಗ್ರಾಹಕ ರಕ್ಷಣಾ ನಿಯಮಗಳು ಮಾರುವವರ ಹೆಸರು, ವಿಳಾಸ, ಅಂಗಿ ಹಿಂದಿರುಗಿಸುವ ಷರತ್ತು, ದೂರು ಕೇಳುವವರ ವಿವರ ಇವನ್ನು ಬಹಿರಂಗವಾಗಿ ಪ್ರಕಟಿಸಬೇಕೆನ್ನುತ್ತವೆ.

ಹಾಗಾದರೆ ಕೈಯಲ್ಲಿ ಹತ್ತು ಸಾವಿರ ರೂಪಾಯಿ ಮಾತ್ರ ಇರುವವರು ಅದನ್ನು ಎಲ್ಲಿ ವ್ಯಯಿಸಬೇಕು? ಆಕರ್ಷಕವಾದ ಅಂತರ್ಜಾಲ ಅಂಗಡಿಗೆ ಅಲ್ಲವೇ ಅಲ್ಲ. ಮೊದಲ ಕೆಲವು ತಿಂಗಳು ಇನ್‌ಸ್ಟಾಗ್ರಾಮ್ ಪುಟವೊಂದು, ವಾಟ್ಸಾಪ್‌ನಲ್ಲಿ ಒಂದು ಪಟ್ಟಿ ಸಾಕು. ಹಣದ ಮೊದಲ ಭಾಗ ಮಾದರಿ ಅಂಗಿಗಳಿಗೆ ಸಲ್ಲಬೇಕು. ಎರಡು ಮುದ್ರಣಶಾಲೆಗಳಿಂದ ಒಂದೇ ಚಿತ್ರವನ್ನು ಕಪ್ಪು, ಬಿಳಿ ಎರಡರ ಮೇಲೂ ಅಚ್ಚು ಹಾಕಿಸಿ ತರಿಸಿ, ಮನೆಯ ತೊಳೆಯುವ ಯಂತ್ರದಲ್ಲಿ ಹತ್ತು ಬಾರಿ ಒಗೆದು, ಬಿಸಿಲಿನಲ್ಲಿ ಒಣಗಿಸಿ, ಅಚ್ಚು ಬಿರಿಯಿತೇ, ಬಣ್ಣ ಮಾಸಿತೇ, ಅಂಗಿ ಕುಗ್ಗಿತೇ ಎಂದು ಪರಿಶೀಲಿಸಬೇಕು. ಗಣಕದ ಪರದೆಯ ಮೇಲೆ ಜ್ವಲಿಸುವ ಹಸಿರೂ ಗುಲಾಬಿಯೂ ಬಟ್ಟೆಯ ಮೇಲೆ ಮಂಕಾಗುವುವು ಎಂಬುದೂ ಆಗ ಗೊತ್ತಾಗುವುದು. ಆ ಅಂಗಿಗಳನ್ನೇ ಗೆಳೆಯರಿಗೆ ತೊಡಿಸಿ, ಬೆಳಗಿನ ಬೆಳಕಿನಲ್ಲಿ, ಪರಿಚಿತವಾದ ಬೀದಿಯಲ್ಲಿ ಛಾಯಾಚಿತ್ರ ತೆಗೆಯಬೇಕು. ಮುದ್ರಣಶಾಲೆಯವರು ಉಚಿತವಾಗಿ ಕೊಡುವ ಕೃತಕ ಚಿತ್ರಗಳನ್ನು ನೂರು ಅಂಗಡಿಗಳು ಬಳಸುತ್ತಿರುವುದರಿಂದ ಅವು ನಂಬಿಕೆ ಹುಟ್ಟಿಸವು. ಅಂಗಿಯನ್ನು ನೆಲದ ಮೇಲೆ ಹರಡಿ, ಎದೆಯ ಅಗಲವನ್ನೂ ಉದ್ದವನ್ನೂ ಅಂಗುಲಗಳಲ್ಲಿ ಅಳೆದು, ‘ನಿಮಗೆ ಸರಿಹೊಂದುವ ಹಳೆಯ ಅಂಗಿಯೊಡನೆ ಹೋಲಿಸಿ ನೋಡಿ’ ಎಂದು ಬರೆದರೆ, ಅಳತೆ ತಪ್ಪಿ ಹಿಂದಿರುಗುವ ಅಂಗಿಗಳು ಗಣನೀಯವಾಗಿ ಕಡಿಮೆಯಾಗುತ್ತವೆ. ಚಿತ್ರಗಳು ಇಪ್ಪತ್ತು ಬೇಡ, ಮೂರಿರಲಿ. ಮೂರೂ ಒಂದೇ ಮನಸ್ಸಿನಿಂದ ಹುಟ್ಟಿದುವೆಂದು ನೋಡಿದವರಿಗೆ ತಿಳಿಯಲಿ.

ಅಕ್ಟೋಬರ್ ತಿಂಗಳು ಹತ್ತಿರವಾದಂತೆ ಕನ್ನಡದ ಅಂಗಿ ಮಾರುವವರ ಸ್ಥಿತಿ ಬದಲಾಗುವುದು. ನವೆಂಬರ್ 1ರ ರಾಜ್ಯೋತ್ಸವಕ್ಕೆಂದು ಕಾಲೇಜುಗಳು, ಕಚೇರಿಗಳ ಕನ್ನಡ ಸಂಘಗಳು, ಬಡಾವಣೆಯ ಗೆಳೆಯರ ಬಳಗಗಳು ಒಮ್ಮೆಗೇ ನಲವತ್ತು, ಎಂಬತ್ತು, ಇನ್ನೂರು ಅಂಗಿಗಳನ್ನು ಕೇಳುತ್ತವೆ. ಕೆಂಪು ಅಂಗಿಯ ಮೇಲೆ ಹಳದಿ ಅಕ್ಷರವೇ ಬೇಕೆನ್ನುತ್ತಾರೆ. ಕೆಂಪಿನ ಮೇಲೆ ಬಿಳಿಯ ತಳಹದಿಯಿಲ್ಲದೆ ಹಳದಿಯನ್ನು ಹಾಕಿದರೆ ಅದು ಕಿತ್ತಳೆಯಾಗುವುದರಿಂದ, ತಳಹದಿಯ ವಿಷಯವನ್ನು ಮುದ್ರಕರೊಡನೆ ಮೊದಲೇ ನಿಶ್ಚಯಿಸಿಕೊಳ್ಳಬೇಕು. ಒಂದೇ ಚಿತ್ರ, ಒಂದೆರಡು ಬಣ್ಣ, ಐವತ್ತಕ್ಕೆ ಮೀರಿದ ಸಂಖ್ಯೆ ಎಂದಾದಾಗ ಬಿಡಿ ಅಚ್ಚಿನ ಕ್ರಮ ದುಬಾರಿ. ಆಗ ಸೂಕ್ತವಾದುದು ನಾನು ಆರಂಭದಲ್ಲಿ ಹೇಳಿದ ಸ್ಕ್ರೀನ್ ಪ್ರಿಂಟಿಂಗೇ. ಚೌಕಟ್ಟಿನ ಖರ್ಚು ಐವತ್ತು ಅಂಗಿಗಳ ಮೇಲೆ ಹಂಚಿಹೋಗಿ, ಒಂದೊಂದರ ವೆಚ್ಚ ಇಳಿಯುತ್ತದೆ, ಅಚ್ಚು ಹೆಚ್ಚು ವರ್ಷ ಬಾಳುತ್ತದೆ. ಹಣ ಮುಂಗಡವಾಗಿ ಬಂದಿರುವುದರಿಂದ ದಾಸ್ತಾನಿನ ಭಯವೂ ಇಲ್ಲ. ಈ ಕೆಲಸಕ್ಕೆ ಸೆಪ್ಟೆಂಬರಿನಲ್ಲಿಯೇ ಊರಿನ ಒಬ್ಬ ಒಳ್ಳೆಯ ಮುದ್ರಕರನ್ನು ಗೊತ್ತುಮಾಡಿಕೊಂಡು, ಬಟ್ಟೆಯನ್ನು ತರಿಸಿಟ್ಟುಕೊಳ್ಳದವರಿಗೆ ಅಕ್ಟೋಬರಿನ ಕೊನೆಯಲ್ಲಿ ಅಂಗಿಯೂ ದೊರೆಯದು, ಮುದ್ರಕರೂ ದೊರೆಯರು.

ಹೊರದೇಶದ ಕನ್ನಡಿಗರಿಂದ ಬರುವ ಕೋರಿಕೆಗಳಿಗೆ ಮಾತ್ರ ಬಿಡಿ ಅಚ್ಚೇ ತಕ್ಕ ಮಾರ್ಗವಾಗಿ ಉಳಿದಿದೆ. ಇಲ್ಲಿಂದ ಒಂದು ಅಂಗಿಯನ್ನು ಅಮೆರಿಕಕ್ಕೆ ಕಳುಹಿಸುವ ವೆಚ್ಚವೇ ಅಂಗಿಯ ಬೆಲೆಯನ್ನು ಮೀರುವುದುಂಟು. ಅಲ್ಲದೆ 2025ರ ಆಗಸ್ಟ್ ಕೊನೆಯಿಂದ ಆ ದೇಶವು ಸಣ್ಣ ಪೊಟ್ಟಣಗಳಿಗೆ ಇದ್ದ ಸುಂಕದ ವಿನಾಯಿತಿಯನ್ನು ರದ್ದುಪಡಿಸಿದೆ. ಅದೇ ಚಿತ್ರದ ಕಡತವನ್ನು ಅಲ್ಲಿಯ ಮುದ್ರಣಶಾಲೆಗೆ ಒಪ್ಪಿಸಿಟ್ಟರೆ, ನ್ಯೂ ಜೆರ್ಸಿಯ ಕನ್ನಡಿಗನಿಗೆ ಅಂಗಿ ಅವನ ದೇಶದಲ್ಲಿಯೇ ಅಚ್ಚಾಗಿ ಕೆಲವು ದಿನಗಳಲ್ಲಿ ತಲಪುವುದು; ಶಿವಮೊಗ್ಗದಲ್ಲಿ ಕುಳಿತು ಹಸೆ ಚಿತ್ತಾರವನ್ನು ಬರೆದವಳಿಗೆ ಸಲ್ಲಬೇಕಾದ ಪಾಲು ಅಲ್ಲಿಂದ ಡಾಲರಿನ ಲೆಕ್ಕದಲ್ಲಿ ಬರುವುದು.